ಬಾವುಟ ಹೊದಿಸುವವರು ಯಾರು?

ನಿವೃತ್ತ ಸೈನಿಕರ ಮನೆಯಲ್ಲಿ ಸಾವಾದರೆ ಬೆಳಗಾಗುವುದರೊಳಗೆ ಏಳುವ ಮಾತು ಬಾವುಟದ್ದು. ‘ಅಷ್ಟು ವರ್ಷ ಮಿಲ್ಟ್ರೀಲಿದ್ದ ಜೀವ, ಬಾವುಟ ಹೊದಿಸದೆ ಹೆಂಗಪ್ಪ ಕಳಿಸೋದು?’ ಎಂದು ಹಿರಿಯರೊಬ್ಬರು ಅನ್ನುತ್ತಾರೆ. ಹುಡುಗರು ಬೈಕಿನಲ್ಲಿ ಹೋಗಿ ಅಂಗಡಿಯಿಂದ ಒಂದನ್ನು ತಂದೇಬಿಡುತ್ತಾರೆ. ಪ್ರೀತಿಯಿಂದ ಮಾಡುವ ಈ ಕೆಲಸ ಕಾನೂನಿನ ಪ್ರಕಾರ ಅಪರಾಧ. ಸರ್ಕಾರಿ ಗೌರವದ ಅಂತ್ಯಕ್ರಿಯೆ, ಸೇನೆ ಹಾಗೂ ಅರೆಸೇನಾ ಪಡೆಗಳ ಅಂತ್ಯಕ್ರಿಯೆ ಬಿಟ್ಟರೆ ಬೇರೆಲ್ಲೂ ರಾಷ್ಟ್ರಧ್ವಜವನ್ನು ಹೊದಿಕೆಯಾಗಿ ಬಳಸುವಂತಿಲ್ಲ. ರಾಷ್ಟ್ರಗೌರವಕ್ಕೆ ಅಪಮಾನ ತಡೆಯುವ 1971ರ ಕಾಯ್ದೆ ಇದಕ್ಕೆ 3 ವರ್ಷದವರೆಗೆ ಸೆರೆವಾಸ ಹೇಳುತ್ತದೆ. ಹಾಗಾದರೆ ಇದು ಸರ್ಕಾರಿ ಗೌರವದ ಅಂತ್ಯಕ್ರಿಯೆ ಎಂದು ಹೇಳುವ ಅಧಿಕಾರ ಯಾರದು?

ಕರ್ತವ್ಯದಲ್ಲಿದ್ದಾಗ ಪ್ರಾಣ ಬಿಟ್ಟವರ ವಿಷಯದಲ್ಲಿ ಮನೆಯವರು ಕೇಳಬೇಕಾದ್ದೇ ಇಲ್ಲ. ಪೆಟ್ಟಿಗೆ, ವಾಹನ, ಗುಂಡು ಹಾರಿಸುವ ತುಕಡಿ, ಕಹಳೆಯವನು, ಎಲ್ಲವನ್ನೂ ಸೇನೆಯೇ ನೋಡಿಕೊಳ್ಳುತ್ತದೆ. ನಿವೃತ್ತರಿಗೆ ಇದು ತಾನಾಗಿ ಬರುವುದಿಲ್ಲ. ಹತ್ತಿರದ ಸೇನಾ ಠಾಣ್ಯಕ್ಕೋ ರೆಜಿಮೆಂಟಿಗೋ ಯಾರಾದರೂ ಫೋನ್ ಮಾಡಬೇಕು. ಅವರು ಒಪ್ಪಿದರೆ ಹೂಗುಚ್ಛವಾದರೂ ಬರುತ್ತದೆ. ಎಷ್ಟೋ ಊರುಗಳಲ್ಲಿ ಕೊನೆಗೆ ಮಾನ ಉಳಿಸುವವರು ಮಾಜಿ ಸೈನಿಕರ ಸಂಘದವರು. ಪೆಟ್ಟಿಗೆಯಿಂದ ಟೋಪಿ, ಪದಕ ತೆಗೆದು ಹಾಕಿಕೊಂಡು ಬಂದು, ಸಾಲಾಗಿ ನಿಂತು ಸೆಲ್ಯೂಟ್ ಹೊಡೆದು ಹೋಗುತ್ತಾರೆ. ಮಂತ್ರಿ, ಸಾಹಿತಿ, ನಟರಿಗೆ ಸಿಗುವ ‘ಸಕಲ ಸರ್ಕಾರಿ ಗೌರವ’ದ ದಾರಿಯೇ ಬೇರೆ. ಅದು ರಾಜ್ಯ ಸರ್ಕಾರ ಆಯಾ ಸಾವಿಗೆ ತೆಗೆದುಕೊಳ್ಳುವ ತೀರ್ಮಾನ. ಸೂಚನೆ ಜಿಲ್ಲಾಧಿಕಾರಿಗೆ ಬರುತ್ತದೆ, ಪೊಲೀಸರು ಮೂರು ಸುತ್ತು ಗುಂಡು ಹಾರಿಸುತ್ತಾರೆ. ನಲವತ್ತು ವರ್ಷ ದುಡಿದ ಮೇಷ್ಟ್ರಿಗೂ ಪೋಸ್ಟ್‌ಮ್ಯಾನಿಗೂ ಆ ಸೂಚನೆ ಬಂದದ್ದನ್ನು ನಾನಂತೂ ಕೇಳಿಲ್ಲ.

ಗೌರವದ ತೂಕ ಸತ್ತವರ ಹುದ್ದೆಯನ್ನೇ ಅವಲಂಬಿಸಿರುತ್ತದೆ ಎಂದುಕೊಂಡರೂ ತಪ್ಪಾಗುತ್ತದೆ. ಐದು ನಕ್ಷತ್ರದ ಹುದ್ದೆ ಪಡೆದವರು ಈ ದೇಶದಲ್ಲಿ ಮೂವರೇ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಎರಡು ದಿನದ ಮೇಲೆ ಮಡಿಕೇರಿಯಲ್ಲಿ ಚಿತೆಗೆ ಬೆಂಕಿ ಇಟ್ಟಾಗ ಮೂರೂ ಪಡೆಗಳ ಮುಖ್ಯಸ್ಥರು ಅಲ್ಲಿದ್ದರು, ಸ್ಯಾಮ್ ಮಾಣೆಕ್ ಶಾ ಕೂಡ ಇದ್ದರು. ಅದೇ ಮಾಣೆಕ್ ಶಾ 2008ರ ಜೂನ್ 27ರಂದು ವೆಲ್ಲಿಂಗ್ಟನ್ನಿನ ಸೇನಾ ಆಸ್ಪತ್ರೆಯಲ್ಲಿ ಕಣ್ಮುಚ್ಚಿದರು. ಊಟಿಯ ಪಾರ್ಸಿ ಸ್ಮಶಾನದಲ್ಲಿ, ಹೆಂಡತಿಯ ಸಮಾಧಿಯ ಪಕ್ಕದಲ್ಲಿ ಮಣ್ಣಾದರು. ಪ್ರಧಾನಿ ಬರಲಿಲ್ಲ, ರಕ್ಷಣಾ ಸಚಿವರೂ ಬರಲಿಲ್ಲ. ರಕ್ಷಣಾ ಖಾತೆಯ ರಾಜ್ಯ ಸಚಿವ ಪಲ್ಲಂ ರಾಜು ಬಂದರು. ರಾಷ್ಟ್ರೀಯ ಶೋಕಾಚರಣೆಯನ್ನೂ ಘೋಷಿಸಲಿಲ್ಲ. 1971ರ ಯುದ್ಧ ಗೆದ್ದುಕೊಟ್ಟ ಸೇನಾಪತಿಗೆ ದೆಹಲಿ ತೋರಿದ ಈ ಉದಾಸೀನವನ್ನು ನಿವೃತ್ತ ಸೈನಿಕರು ಇಂದಿಗೂ ಎತ್ತಿ ಆಡುತ್ತಾರೆ, ಆಡುವುದು ಸರಿಯೇ. ವಾಯುಪಡೆಯ ಮಾರ್ಷಲ್ ಅರ್ಜನ್ ಸಿಂಗ್ 2017ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡದ್ದು ದೆಹಲಿಯಲ್ಲಿಯೇ. ಅವರಿಗೆ 17 ತೋಪುಗಳ ವಂದನೆ ಸಂದಿತು, ನೆತ್ತಿಯ ಮೇಲೆ ವಿಮಾನಗಳು ಹಾರಿದವು, ರಾಜಧಾನಿಯಲ್ಲಿ ಧ್ವಜ ಅರ್ಧಕ್ಕಿಳಿಯಿತು. ಎಲ್ಲಿ ಸಾಯುತ್ತೇವೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಗೌರವ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಆಗ ಕವಾಯತಿನ ಶಿಸ್ತೂ ಮನೆಯ ಆಚಾರವೂ ಒಂದೇ ಅಂಗಳದಲ್ಲಿ ಎದುರಾಗುತ್ತವೆ. ಧ್ವಜ ಸಂಹಿತೆಯ ಪ್ರಕಾರ ಕೇಸರಿ ಪಟ್ಟಿ ತಲೆಯ ಕಡೆ ಇರಬೇಕು. ಧ್ವಜ ಗುಂಡಿಗೆ ಇಳಿಯಬಾರದು, ಚಿತೆಯಲ್ಲಿ ಸುಡಬಾರದು. ಈ ನಿಯಮ ಬರೆದವರ ಕಣ್ಣ ಮುಂದಿದ್ದದ್ದು ಮಲಗಿದ ದೇಹ. ಲಿಂಗಾಯತರಲ್ಲಿ ವಿಭೂತಿ ಹಚ್ಚಿ, ವಿಮಾನ ಕಟ್ಟಿ, ಕೂರಿಸಿಯೇ ಒಯ್ಯುತ್ತಾರೆ, ಕುಣಿಯಲ್ಲೂ ಕೂರಿಸುತ್ತಾರೆ. ಅಂಥಲ್ಲಿ ಪೆಟ್ಟಿಗೆಯಲ್ಲಿ ಮಲಗಿಸಿದ್ದಾಗಲೇ ಸೇನೆಯವರ ಪಾಲಿನ ಕೆಲಸ ಮುಗಿಯಬೇಕು. ಧ್ವಜ ಮಡಚಿ ಮನೆಯವರ ಕೈಗಿತ್ತ ಮೇಲೆ ಅಯ್ಯನವರ ಸರದಿ. ಮುಸ್ಲಿಂ ಮನೆಯಾದರೆ ಜನಾಜಾ ನಮಾಜಿನ ವೇಳೆ ಮೊದಲೇ ಗೊತ್ತಿರಬೇಕು. ಕೊಡಗಿನಲ್ಲಿ ಇನ್ನೊಂದು ಬಗೆ. ಅಲ್ಲಿ ಸಾವಿನ ಸುದ್ದಿ ಸಾರುವುದೇ ಮನೆಯ ಕೋವಿಯಿಂದ ಹಾರುವ ಜೋಡಿ ಗುಂಡು, ತುಕಡಿಯ ಬಂದೂಕು ಬರುವುದು ಆಮೇಲೆ.

ಸಿಯಾಚಿನ್ನಿನ ಹಿಮದಡಿ ಆರು ದಿನ ಉಸಿರು ಹಿಡಿದಿದ್ದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಪಾರ್ಥಿವ ಶರೀರವನ್ನು 2016ರ ಫೆಬ್ರುವರಿಯಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿಗೆ ತಂದಾಗ ಊರೇ ಅವರ ಮನೆಯಾಗಿತ್ತು. ಅಂಥ ಜನಜಂಗುಳಿಯಲ್ಲಿ ಹೆಂಡತಿ ಮಕ್ಕಳಿಗೆ ಕೊನೆಯ ಬಾರಿ ಮುಖ ನೋಡಲು ಒಂದು ಗಳಿಗೆ ಬಿಡಿಸಿಕೊಡುವುದು ಯಾವ ಶಿಷ್ಟಾಚಾರದ ಪಟ್ಟಿಯಲ್ಲೂ ಇರುವುದಿಲ್ಲ. ಗಣ್ಯರಿಗೆ ಕುರ್ಚಿ ಹಾಕುವ ಮೊದಲು ಯಾರಾದರೂ ಗಟ್ಟಿಯಾಗಿ ನಿಂತು ಮಾಡಬೇಕಾದ ಕೆಲಸವೇ ಇದು.

ಇದನ್ನೆಲ್ಲ ಬದುಕಿದ್ದಾಗಲೇ ಮಾತಾಡಿಟ್ಟುಕೊಳ್ಳುವ ಸೈನಿಕರಿದ್ದಾರೆ. ಸುಡುವುದೋ ಹೂಳುವುದೋ, ಹೊಲದಲ್ಲೋ ರುದ್ರಭೂಮಿಯಲ್ಲೋ, ಧ್ವಜ ಬಂದರೆ ಹೆಂಡತಿಗೋ ತಾಯಿಗೋ ಎಂದು ಒಂದು ಹಾಳೆಯಲ್ಲಿ ಬರೆದು, ಡಿಸ್ಚಾರ್ಜ್ ಬುಕ್ಕು ಮತ್ತು ಪಿಪಿಒ (ಪಿಂಚಣಿ ಪಾವತಿ ಆದೇಶ) ಜತೆ ಇಟ್ಟಿರುತ್ತಾರೆ. ಆ ಕಡತದಲ್ಲಿ ಮೊದಲು ನೋಡಬೇಕಾದ್ದು ಹೆಂಡತಿಯ ಹೆಸರು. ರೆಕಾರ್ಡ್ ಆಫೀಸಿನಲ್ಲಿ ಗಂಗಮ್ಮ, ಆಧಾರಿನಲ್ಲಿ ಗಂಗವ್ವ ಎಂದಿದ್ದರೆ ಕುಟುಂಬ ಪಿಂಚಣಿ ಅಲ್ಲೇ ನಿಲ್ಲುತ್ತದೆ. ಆತ ಇರುವಾಗ ಅರ್ಜಿ ಕೊಟ್ಟು, ದಾಖಲೆಯಲ್ಲಿ ಹೆಸರು ತಿದ್ದುವ ‘ಪಾರ್ಟ್ ಟೂ ಆರ್ಡರ್’ ಮಾಡಿಸಿದರೆ ತೀರುವ ಕೆಲಸಕ್ಕೆ ಆಮೇಲೆ ಆಕೆ ಅಫಿಡವಿಟ್ ಹಿಡಿದು ಅಲೆಯಬೇಕು. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಆ ಪ್ರಮಾಣಪತ್ರ ಹಿಡಿದು ರಕ್ಷಣಾ ಪಿಂಚಣಿಯ ಜಾಲತಾಣ ‘ಸ್ಪರ್ಶ್’ನಲ್ಲಿ ತಿಳಿಸಬೇಕು. ತಿಳಿಸುವುದು ತಡವಾಗಿ ಮುಂದಿನ ತಿಂಗಳ ಪಿಂಚಣಿ ಖಾತೆಗೆ ಬಿದ್ದರೆ ಅದನ್ನು ಮುಟ್ಟಬಾರದು. ತಿಥಿ ಊಟದ ಖರ್ಚಿಗೆಂದು ಮಗ ಎಟಿಎಂನಿಂದ ತೆಗೆದರೆ, ಸರ್ಕಾರ ಆ ಹಣವನ್ನು ವಾಪಸ್ ಕೇಳುತ್ತದೆ.