ಕಳಸದ ಪಡಸಾಲೆ

ಕುಂದಗೋಳ ದಾಟಿದರೆ ಎತ್ತ ನೋಡಿದರೂ ಎರೆಹೊಲ. ದೀಪಾವಳಿ ಕಳೆದ ಮೇಲೆ ಹಿಂಗಾರಿ ಜೋಳ, ಕಡಲೆ, ನಡುನಡುವೆ ಕೆಂಪೇರುತ್ತಿರುವ ಮೆಣಸಿನಕಾಯಿ. ಮಳೆಗೆ ಎತ್ತಿನ ಕಾಲನ್ನೇ ಹಿಡಿದು ನಿಲ್ಲಿಸುವ ಈ ಮಣ್ಣು ಬಿಸಿಲಿಗೆ ಅಂಗೈ ಇಳಿಯುವಷ್ಟು ಬಿರಿಯುತ್ತದೆ. ಇದೇ ಸೀಮೆಯ ಕಳಸದಲ್ಲಿ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುಗಳಿದ್ದರು. ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫ, ಇಮಾಮ ಸಾಹೇಬರ ಮಗ, ಭಟ್ಟರನ್ನು ಹುಡುಕಿಕೊಂಡು ಬಂದ.

ಆಗಿನ ಮನೆಯೊಂದನ್ನು ಕಣ್ಣಿಗೆ ತಂದುಕೊಳ್ಳಿ. ಕಟ್ಟೆ, ಪಡಸಾಲೆ, ನಡುಮನೆ, ಅದರಾಚೆ ಮಡಿಯ ಅಡುಗೆಮನೆ. ಯಾರು ಎಲ್ಲಿಯವರೆಗೆ ಬರಬಹುದೆಂದು ಹೊಸ್ತಿಲುಗಳೇ ತೀರ್ಮಾನಿಸುತ್ತಿದ್ದವು. ಕೆಲವರಿಗೆ ಅಂಗಳವೇ ಕೊನೆ. ನೀರು ಬೇಡಿದರೆ ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಅಂಥ ಕಾಲದಲ್ಲಿ ಭಟ್ಟರು ಮುಸಲ್ಮಾನರ ಹುಡುಗನನ್ನು ಶಿಷ್ಯನೆಂದು ಒಪ್ಪಿದರು, ವಿದ್ಯೆ ಕೊಟ್ಟರು. ಜೊತೆಗೆ ಕೂತು ಉಂಡರೆಂದೂ ತಮ್ಮ ಜನಿವಾರವನ್ನೇ ಅವನ ಕೊರಳಿಗೆ ಹಾಕಿದರೆಂದೂ ಸೀಮೆಯ ಜನ ಇಂದಿಗೂ ಹೇಳುತ್ತಾರೆ.

ಸಮಾಜ ಸುಧಾರಕರೆಂದಾಗ ಸಭೆ ಕಟ್ಟಿದವರು, ಪತ್ರಿಕೆ ನಡೆಸಿದವರು ನೆನಪಾಗುತ್ತಾರೆ. ಭಟ್ಟರನ್ನು ಆ ಸಾಲಿನಲ್ಲಿ ಕೂರಿಸುವವರು ಕಡಿಮೆ. ನಾನಂತೂ ಮೊದಲಿಗೇ ಕೂರಿಸುತ್ತೇನೆ. ಬೆನ್ನಿಗೆ ಕಾಯ್ದೆಯಿಲ್ಲ, ಸಂಘಟನೆಯಿಲ್ಲ. ಎದುರಿಗೆ ಮಾತ್ರ ತನ್ನದೇ ಓಣಿ, ತನ್ನದೇ ಬಂಧುಬಳಗ. ಅವರೆಲ್ಲರ ಕಣ್ಣೆದುರಿಗೇ ದಿನವೂ ನಡೆಯಬೇಕಾದ ಕೆಲಸ ಅದು.

ಶಿಷ್ಯ ಮುಲ್ಕಿ ಪರೀಕ್ಷೆ ಮುಗಿಸಿದ, ಕೆಲಕಾಲ ಶಾಲೆಯ ಮಾಸ್ತರನಾದ. ಆಮೇಲೆ ತತ್ವಪದ ಕಟ್ಟಿ ಹಾಡುವುದೇ ಬದುಕಾಯಿತು. ನವಲಗುಂದದ ನಾಗಲಿಂಗ ಯತಿಗಳ ಒಡನಾಟವೂ ಬೆಳೆಯಿತು. ಶರೀಫರ ಪದವೊಂದರಲ್ಲಿ ಮಾಳಿಗೆ ಸೋರುತ್ತದೆ. ಇಲ್ಲಿಯ ಹಳೆಯ ಮನೆಗಳಿಗೆ ಜಂತಿಯ ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹಾಕಿ ತುಳಿಯದಿದ್ದರೆ ಬೆಳಕಿಂಡಿಯ ಪಕ್ಕದಿಂದ ಹನಿ ಶುರುವಾಗುತ್ತದೆ. ರಾತ್ರಿಯೆಲ್ಲ ಕೊಡ, ತಂಬಿಗೆ, ಪರಾತ ಸರಿಸುತ್ತ ಕೂರಬೇಕು. ಹಾಗೆ ಕೂತವನಿಗೆ ಆ ಪದದ ಅಧ್ಯಾತ್ಮವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅಕ್ಷರ ಬಾರದವರ ಬಾಯಲ್ಲೇ ಈ ಪದಗಳು ಊರಿಂದೂರಿಗೆ ನಡೆದವು.

1889ರಲ್ಲಿ ಶರೀಫರು ತೀರಿಕೊಂಡಾಗ ಹಿಂದೂಗಳೂ ಮುಸಲ್ಮಾನರೂ ತಂತಮ್ಮ ಪದ್ಧತಿಯಂತೆ ಅಂತ್ಯವಿಧಿ ನಡೆಸಿದರು. ಶಿಶುನಾಳದ ಗದ್ದುಗೆಗೆ ಈಗಲೂ ಇಬ್ಬರೂ ಬರುತ್ತಾರೆ. ಸಕ್ಕರೆ ಓದಿಸುವವರು ಓದಿಸುತ್ತಾರೆ, ಕಾಯಿ ಒಡೆಸುವವರು ಒಡೆಸುತ್ತಾರೆ. ಪದಕ್ಕೆ ಕೂತಾಗ ತಾಳ ಯಾರ ಕೈಗೆ ಸಿಕ್ಕಿತೋ ಅವರೇ ಹಾಕುತ್ತಾರೆ.