ಮಾತಿನ ಬಾಲಂಗೋಚಿ

ಕನ್ನಡ ಪಂಡಿತನಿಗೆ ಇಂಗ್ಲಿಷಿನ ಗೊಡವೆ ಏತಕ್ಕೆ ಎಂದು ಓದುಗರು ಕೇಳಬಹುದು. ಕೇಶಿರಾಜನ ಸೂತ್ರಗಳನ್ನು ಬಾಯಿಪಾಠ ಮಾಡಿ ಪಂಡಿತ ತರಬೇತಿ ಮುಗಿಸಿದ ನನಗೆ, ಇಂಗ್ಲಿಷ್ ಪಾಠ ಹೇಳುವವರು ಇಲ್ಲದ ವರ್ಷಗಳಲ್ಲಿ ಹೈಸ್ಕೂಲಿನ ಕೆಳ ತರಗತಿಗಳಿಗೆ ಆ ಪಾಠವನ್ನೂ ಹೇಳಬೇಕಾಗಿ ಬಂತು. ಹೇಳುತ್ತ ಹೇಳುತ್ತ ನಾನೇ ಅಷ್ಟಿಷ್ಟು ಕಲಿತೆ. ತನ್ನ ಭಾಷೆಯ ವ್ಯಾಕರಣವನ್ನು ಬಲ್ಲವನಿಗೆ ಪರಭಾಷೆಯ ವ್ಯಾಕರಣ ದೂರದ ನೆಂಟನ ಮನೆಯಿದ್ದ ಹಾಗೆ. ಒಲೆಯೂ ಉಂಟು, ಒರಳೂ ಉಂಟು; ಯಾವುದು ಯಾವ ಮೂಲೆಯಲ್ಲಿದೆ ಎಂಬುದಷ್ಟೇ ತಿಳಿಯಬೇಕು. ತಿಳಿಯದೆ ಕತ್ತಲಲ್ಲಿ ಕೈಯಾಡಿಸಿದರೆ ಏನಾಗುತ್ತದೆಂಬುದಕ್ಕೆ ನನ್ನ ಶಿಷ್ಯನೊಬ್ಬನ ಸಂಗತಿಯನ್ನು ಮೊದಲು ಹೇಳುತ್ತೇನೆ.

ಹುಡುಗ ಜಾಣ, ವಿನಯವಂತ, ಬಡವರ ಮನೆಯವನು. ಓದು ಮುಗಿಸಿ ಒಂದು ಕೆಲಸದ ಸಂದರ್ಶನಕ್ಕೆ ಹೋದ. ಹೋದವನು ಮರುದಿನ ಬೆಳಿಗ್ಗೆ ನಮ್ಮ ಮನೆಯ ಜಗಲಿಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. "ಮೇಷ್ಟ್ರೇ, ಅವರು ಕೇಳಿದ್ದಕ್ಕೆಲ್ಲ ಒಪ್ಪಿಕೊಂಡೆ. ಆದರೂ ಬೇರೆಯವರನ್ನು ನೋಡುತ್ತೇವೆ ಎಂದುಬಿಟ್ಟರು" ಎಂದ. ಕೇಳಿದ ಪ್ರಶ್ನೆಗಳನ್ನು ಇದ್ದದ್ದು ಇದ್ದ ಹಾಗೆ ಹೇಳು ಎಂದೆ. ಎರಡನ್ನು ಹೇಳಿದ.

ಮೊದಲನೆಯದು: "ವಾಟ್ ಈಸ್ ಯುವರ್ ಹೆಡ್ ಮಾಸ್ಟರ್ ಲೈಕ್?" ಇವನ ಉತ್ತರ: "ಹೀ ಲೈಕ್ಸ್ ಗಾರ್ಡನಿಂಗ್, ಸರ್." ಅವರು ಕೇಳಿದ್ದು ನಿಮ್ಮ ಹೆಡ್ ಮಾಸ್ಟರು ಎಂಥವರು ಎಂದು; ಇವನು ಹೇಳಿದ್ದು ಅವರಿಗೆ ತೋಟಗಾರಿಕೆ ಇಷ್ಟ ಎಂದು. ಅವರೆಲ್ಲ ನಕ್ಕರಂತೆ. ಮೆಚ್ಚಿ ನಕ್ಕರೆಂದು ಇವನು ತಿಳಿದ.

ಎರಡನೆಯದು: "ಯೂ ಹ್ಯಾವ್ ನೋ ಅಬ್ಜೆಕ್ಷನ್ ಟು ವರ್ಕಿಂಗ್ ಇನ್ ಎ ವಿಲೇಜ್, ಹ್ಯಾವ್ ಯೂ?" ಹಳ್ಳಿಯಲ್ಲಿ ಕೆಲಸ ಮಾಡಲು ನಿನಗೆ ಅಭ್ಯಂತರವಿಲ್ಲ ತಾನೇ, ಎಂದು ಪ್ರಶ್ನೆ. ಇವನು ಹಳ್ಳಿಯಲ್ಲೇ ಹುಟ್ಟಿ ಬೆಳೆದವನು. ಎದೆಯುಬ್ಬಿಸಿ "ಎಸ್ ಸರ್!" ಎಂದ. ಇವನ ಮನಸ್ಸಿನಲ್ಲಿದ್ದದ್ದು "ಹೌದು, ಅಭ್ಯಂತರವಿಲ್ಲ" ಎಂಬುದು. ಅವರ ಕಿವಿಗೆ ಬಿದ್ದದ್ದು "ಅಭ್ಯಂತರವಿದೆ" ಎಂಬುದು. ಅಲ್ಲಿಗೆ ಕಥೆ ಮುಗಿಯಿತು.

ಅವನಿಗೆ ತಪ್ಪನ್ನು ವಿವರಿಸಿ ಹೇಳುವಾಗ ನನಗೆ ನಾಚಿಕೆಯಾಯಿತು. ಮೂರು ವರ್ಷ ಅವನಿಗೆ ಪಾಠ ಹೇಳಿದವನು ನಾನೇ. ಈ ಎರಡು ಸಂಗತಿಗಳನ್ನು ಒಂದು ದಿನವೂ ಬಿಡಿಸಿ ಹೇಳಿರಲಿಲ್ಲ. ಅಂದು ಜಗಲಿಯ ಮೇಲೆ ಹೇಳಿದ್ದನ್ನೇ ಈಗ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು, ಒಬ್ಬರ ಸ್ವಭಾವವನ್ನು ಕೇಳುವ ಬಗೆ. ಕನ್ನಡದಲ್ಲಿ "ಅವರು ಹೇಗಿದ್ದಾರೆ?" ಎಂದರೆ ಕ್ಷೇಮಸಮಾಚಾರ, "ಅವರು ಎಂಥವರು?" ಎಂದರೆ ಗುಣಸ್ವಭಾವ. ಇಂಗ್ಲಿಷಿನಲ್ಲಿ "ಹೌ ಈಸ್ ಹೀ?" ಎಂಬುದು ಕ್ಷೇಮವನ್ನು ಕೇಳುತ್ತದೆ, "ವಾಟ್ ಈಸ್ ಹೀ ಲೈಕ್?" ಎಂಬುದು ಸ್ವಭಾವವನ್ನು ಕೇಳುತ್ತದೆ. ಇಲ್ಲಿಯ "ಲೈಕ್" ಕ್ರಿಯಾಪದವಲ್ಲ, "ಹಾಗೆ" ಎಂಬರ್ಥದ ಪದ. ಯಾರ ಹಾಗೆ, ಯಾವುದರ ಹಾಗೆ ಎಂದು ಕೇಳಿದಂತೆ. "ವಾಟ್ ಡಸ್ ಹೀ ಲೈಕ್?" ಎಂದು "ಡಸ್" ಬಂದರೆ ಮಾತ್ರ ಅದು ಕ್ರಿಯಾಪದವಾಗಿ, ಅವನಿಗೆ ಏನು ಇಷ್ಟ ಎಂಬ ಅರ್ಥ ಕೊಡುತ್ತದೆ. ಇನ್ನು "ವಾಟ್ ಡಸ್ ಹೀ ಲುಕ್ ಲೈಕ್?" ಎಂದರೆ ನೋಡಲು ಹೇಗಿದ್ದಾನೆ, ಉದ್ದವೋ ಗಿಡ್ಡವೋ, ಕಪ್ಪೋ ಕೆಂಪೋ ಎಂದು. ನಾಲ್ಕು ಪ್ರಶ್ನೆಗಳು, ನಾಲ್ಕು ಬೇರೆ ಉತ್ತರಗಳು. ನಮ್ಮ ಹುಡುಗ ಎರಡನೆಯ ಬಾಗಿಲು ತಟ್ಟಿದವರಿಗೆ ಮೂರನೆಯ ಬಾಗಿಲು ತೆರೆದ.

ಉತ್ತರ ಹೇಳುವಾಗಲೂ ಎಚ್ಚರ ಬೇಕು. ಅವಳು ಒಳ್ಳೆಯ ಸ್ವಭಾವದವಳು ಎನ್ನಲು ನಮ್ಮವರು "ಷೀ ಈಸ್ ಹ್ಯಾವಿಂಗ್ ಎ ಗುಡ್ ನೇಚರ್" ಎನ್ನುವುದುಂಟು. ಇಂಗ್ಲಿಷಿನವರು ಹಾಗೆನ್ನುವುದಿಲ್ಲ. ಸ್ವಭಾವವು ನಿತ್ಯವಾದದ್ದು, ಆದಕಾರಣ "ಷೀ ಈಸ್ ಗುಡ್-ನೇಚರ್ಡ್" ಎಂದು ಸಾಮಾನ್ಯ ವರ್ತಮಾನದಲ್ಲೇ ಹೇಳಬೇಕು. "ಹೀ ಈಸ್ ಕೈಂಡ್" ಎಂದರೆ ದಯಾವಂತ. "ಹೀ ಈಸ್ ಬೀಯಿಂಗ್ ಕೈಂಡ್" ಎಂದರೆ ಈ ಹೊತ್ತಿಗೆ ದಯೆ ತೋರಿಸುತ್ತಿದ್ದಾನೆ, ನಾಳೆಯ ಮಾತು ಬೇರೆ. ಒಂದೇ ಪದದ ಸೇರ್ಪಡೆಯಿಂದ ಸತ್ಪುರುಷನು ಸಮಯಸಾಧಕನಾಗಿ ಕಾಣಿಸಿಬಿಡಬಹುದು!

ಗುಣವಾಚಕಗಳ ಆಯ್ಕೆ ಇನ್ನೂ ಸೂಕ್ಷ್ಮವಾದದ್ದು. ಕೈಹಿಡಿದು ಖರ್ಚು ಮಾಡುವವನು "ತ್ರಿಫ್ಟಿ", ಹಾಗೆಂದರೆ ಮೆಚ್ಚುಗೆ. ಕೈ ಬಿಗಿದವನು "ಸ್ಟಿಂಜಿ", ಹಾಗೆಂದರೆ ನಿಂದೆ. ಮಗುವಿನಂಥ ಮುಗ್ಧ ಮನಸ್ಸಿನವನು "ಚೈಲ್ಡ್‌ಲೈಕ್". ಬೆಳೆದ ಮೇಲೂ ಹುಡುಗಾಟಿಕೆ ಬಿಡದವನು "ಚೈಲ್ಡಿಷ್". ವಿವೇಕಿ "ಸೆನ್ಸಿಬಲ್", ಸಣ್ಣ ಮಾತಿಗೂ ನೊಂದುಕೊಳ್ಳುವ ಮೃದುಮನಸ್ಸಿನವನು "ಸೆನ್ಸಿಟಿವ್". ಒಬ್ಬ ಹಿರಿಯರನ್ನು ಹೊಗಳುವ ಭರದಲ್ಲಿ "ಹೀ ಈಸ್ ಸಿಂಪಲ್" ಎಂದರೆ, ಕೇಳಿದವನು ಬುದ್ಧಿ ಸಾಲದವರು ಎಂದು ತಿಳಿದಾನು. "ಹೀ ಲೀಡ್ಸ್ ಎ ಸಿಂಪಲ್ ಲೈಫ್" ಎಂದರೆ ಸರಳಜೀವಿ ಎಂಬ ಅರ್ಥ ಸರಿಯಾಗಿ ಬರುತ್ತದೆ. "ಹೋಮ್ಲಿ" ಎಂಬ ಪದದ ಪಾಡು ಇದಕ್ಕಿಂತ ವಿಚಿತ್ರ. ನಮ್ಮ ವಧೂವರರ ಜಾಹೀರಾತುಗಳಲ್ಲಿ ಅದು ಮನೆವಾರ್ತೆ ಬಲ್ಲ ಗೃಹಿಣಿಯ ಲಕ್ಷಣ. ಅಮೆರಿಕದಲ್ಲಿ ಅದಕ್ಕೆ ರೂಪವಿಲ್ಲದವಳು ಎಂಬ ಅರ್ಥ. ಅಮೆರಿಕದ ಸಂಬಂಧಕ್ಕೆ ಪತ್ರ ಬರೆಯುವ ತಂದೆತಾಯಿಗಳು ಈ ಪದವನ್ನು ಕೈಬಿಡುವುದು ಲೇಸು.

ಒಂದೇ ಗುಣ ನೋಡುವವನ ಕಣ್ಣಿನಂತೆ ಹೆಸರು ಬದಲಿಸುತ್ತದೆ. ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ 1948ರಲ್ಲಿ ಬಿ.ಬಿ.ಸಿ. ರೇಡಿಯೋದ "ಬ್ರೇನ್ಸ್ ಟ್ರಸ್ಟ್" ಕಾರ್ಯಕ್ರಮದಲ್ಲಿ ಇದನ್ನು ಕ್ರಿಯಾಪದದ ರೂಪಾವಳಿಯ ಹಾಗೆ ತಮಾಷೆಯಾಗಿ ಹೇಳಿ ತೋರಿಸಿದರು. ಉತ್ತಮ ಪುರುಷದಲ್ಲಿ ದೃಢತೆ ಎನಿಸಿಕೊಳ್ಳುವುದು ಮಧ್ಯಮ ಪುರುಷದಲ್ಲಿ ಹಠವಾಗುತ್ತದೆ, ಪ್ರಥಮ ಪುರುಷದಲ್ಲಿ, ಅಂದರೆ ಎದುರಿಗಿಲ್ಲದವನ ವಿಷಯದಲ್ಲಿ, ಮೊಂಡುತನವಾಗುತ್ತದೆ ಎಂಬುದು ಅದರ ತಾತ್ಪರ್ಯ. ನಾವೂ ಹಾಗೆಯೇ. ನಮ್ಮ ಮಗ ಮಿತಭಾಷಿ, ಪಕ್ಕದ ಮನೆಯವರ ಮಗ ಮೂಗ. ಗುಣವಾಚಕವನ್ನು ಆರಿಸಿಕೊಳ್ಳುವಾಗ ನಾವು ಆ ಮನುಷ್ಯನ ಬಗ್ಗೆ ಎಷ್ಟು ಹೇಳುತ್ತೇವೆಯೋ ಅಷ್ಟೇ ನಮ್ಮ ಬಗ್ಗೆಯೂ ಹೇಳಿಕೊಳ್ಳುತ್ತೇವೆ.

ಇನ್ನು ಬಾಲಂಗೋಚಿಯ ವಿಷಯ. ಗಾಳಿಪಟಕ್ಕೆ ಬಾಲಂಗೋಚಿ ಇರುವಂತೆ ಇಂಗ್ಲಿಷಿನವರ ವಾಕ್ಯದ ಕೊನೆಗೆ ಒಂದು ಚಿಕ್ಕ ಪ್ರಶ್ನೆ ಅಂಟಿಕೊಂಡಿರುತ್ತದೆ. "ಹೀ ಈಸ್ ಎ ಜೆನರಸ್ ಮ್ಯಾನ್, ಈಸಂಟ್ ಹೀ?" ಅವರು ಧಾರಾಳ ಮನಸ್ಸಿನವರು, ಅಲ್ಲವೇ? ಇದಕ್ಕೆ ಟ್ಯಾಗ್ ಪ್ರಶ್ನೆ ಎಂದು ಹೆಸರು. ಇದನ್ನು ಕಟ್ಟುವ ಸೂತ್ರಗಳು ಮೂರೇ. ವಾಕ್ಯ ವಿಧಿಯಾದರೆ ಬಾಲ ನಿಷೇಧ, ವಾಕ್ಯ ನಿಷೇಧವಾದರೆ ಬಾಲ ವಿಧಿ. ವಾಕ್ಯದಲ್ಲಿರುವ ಸಹಾಯಕ ಕ್ರಿಯಾಪದವೇ ಬಾಲಕ್ಕೆ ಬರಬೇಕು. ಅದು ಇಲ್ಲದಿದ್ದರೆ ಕಾಲಕ್ಕೆ ತಕ್ಕಂತೆ ಡೂ, ಡಸ್, ಡಿಡ್ ಬರಬೇಕು. ಕರ್ತೃಪದದ ಜಾಗದಲ್ಲಿ ಅದರ ಸರ್ವನಾಮ ಬರಬೇಕು.

"ಯುವರ್ ಸಿಸ್ಟರ್ ಈಸ್ ಷೈ, ಈಸಂಟ್ ಷೀ?" ನಿಮ್ಮ ತಂಗಿಗೆ ಸಂಕೋಚ. "ದ ಬಾಯ್ಸ್ ವರ್ ನಾಟ್ ರೂಡ್, ವರ್ ದೇ?" ಹುಡುಗರು ಒರಟಾಗಿ ನಡೆದುಕೊಳ್ಳಲಿಲ್ಲ. "ಷೀ ಸ್ಪೀಕ್ಸ್ ಸಾಫ್ಟ್ಲಿ, ಡಸಂಟ್ ಷೀ?" ಆಕೆ ಮೆತ್ತಗೆ ಮಾತನಾಡುತ್ತಾಳೆ. "ಹೀ ಲಾಸ್ಟ್ ಹಿಸ್ ಟೆಂಪರ್, ಡಿಡಂಟ್ ಹೀ?" ಅವನು ಸಿಟ್ಟಾದ. ಹೇಳಿ ನೋಡಿದರೆ ನಾಲ್ಕು ದಿನದಲ್ಲಿ ನಾಲಿಗೆಗೆ ಹತ್ತುತ್ತದೆ.

ಅಪವಾದಗಳೂ ಕೆಲವುಂಟು. "ನೆವರ್", "ಹಾರ್ಡ್ಲಿ", "ಸೆಲ್ಡಮ್" ಮುಂತಾದ ಪದಗಳಿದ್ದರೆ "ನಾಟ್" ಇಲ್ಲದೆಯೂ ವಾಕ್ಯ ನಿಷೇಧವೇ: "ಹೀ ನೆವರ್ ಗೆಟ್ಸ್ ಆಂಗ್ರಿ, ಡಸ್ ಹೀ?" "ಎವ್ರಿಬಡಿ", "ನೋಬಡಿ" ಏಕವಚನಗಳಾದರೂ ಬಾಲದಲ್ಲಿ "ದೇ" ಬರುತ್ತದೆ. "ಲೆಟ್ಸ್ ಗೋ" ಎಂಬುದಕ್ಕೆ "ಷಲ್ ವೀ?" ಎಂದು ಬಾಲ. "ಐ ಆಮ್ ಲೇಟ್" ಎಂಬುದಕ್ಕೆ "ಆರಂಟ್ ಐ?" ಎನ್ನುತ್ತಾರೆ. ಇದು ಯಾವ ಸೂತ್ರಕ್ಕೂ ಒಗ್ಗುವುದಿಲ್ಲ. ರೂಢಿಯ ಬಲದಿಂದ ನಿಂತಿದೆ. ನಮ್ಮ ವ್ಯಾಕರಣದಲ್ಲೂ ಅಂಥವು ಇಲ್ಲದಿಲ್ಲ.

ಇಷ್ಟೆಲ್ಲ ತೊಡಕು ಏಕೆ, "ಈಸಂಟ್ ಇಟ್" ಎಂಬ ಒಂದೇ ಬಾಲ ಸಾಲದೇ ಎಂದು ನಮ್ಮವರಿಗೆ ಅನ್ನಿಸುತ್ತದೆ. "ಯೂ ಆರ್ ಕಮಿಂಗ್ ಟುಮಾರೋ, ಈಸಂಟ್ ಇಟ್?" ಎಂದು ನಾವು ಹೇಳಿದಾಗ ನಗುವವರಿದ್ದಾರೆ. ನಗುವ ಮುಂಚೆ ಅದರ ಮೂಲವನ್ನು ತಿಳಿಯಬೇಕು. ನಮ್ಮ "ಅಲ್ಲವೇ" ಯಾವ ವಾಕ್ಯಕ್ಕಾದರೂ ಸಲ್ಲುತ್ತದೆ. ಅವನು ಬಂದ, ಅಲ್ಲವೇ? ಅವರು ಬರುವುದಿಲ್ಲ, ಅಲ್ಲವೇ? ನಾನು ಹೇಳಿದ್ದೆ, ಅಲ್ಲವೇ? ನಮ್ಮ ಕ್ರಿಯಾಪದವೇ ಲಿಂಗ ವಚನ ಪುರುಷಗಳನ್ನು ಹೊತ್ತಿರುವಾಗ ಬಾಲಕ್ಕೆ ಆ ಹೊರೆ ಬೇಕಿಲ್ಲ. ಹಿಂದಿಯ "ಹೈ ನಾ", ಫ್ರೆಂಚರ "ನೆಸ್ ಪಾ", ಜರ್ಮನರ "ನಿಷ್ಟ್ ವಾರ್" ಇವೂ ಬದಲಾಗದ ಬಾಲಗಳೇ. ಈಚೆಗೆ ಲಂಡನ್ನಿನ ಹುಡುಗರೂ ಎಲ್ಲದಕ್ಕೂ "ಇನ್ನಿಟ್" ಎನ್ನತೊಡಗಿದ್ದಾರೆ. ಆದ್ದರಿಂದ "ಈಸಂಟ್ ಇಟ್" ಎಂದವನು ದಡ್ಡನಲ್ಲ. ಕನ್ನಡದ ಬಾಲಂಗೋಚಿಯನ್ನು ಇಂಗ್ಲಿಷಿನ ಪಟಕ್ಕೆ ಕಟ್ಟಿದವನು. ಮನೆಮಾತಿನಲ್ಲಿ ಅದು ನಡೆದೀತು. ಪರೀಕ್ಷೆಯಲ್ಲಿ, ಸಂದರ್ಶನದಲ್ಲಿ, ಪತ್ರವ್ಯವಹಾರದಲ್ಲಿ ನಡೆಯದು.

ನಮ್ಮ ಬಾಲ ಬದಲಾಗುವುದೇ ಇಲ್ಲವೆಂದೂ ಹೇಳುವಂತಿಲ್ಲ. ತಾಯಿ ಮಗನಿಗೆ "ಅಲ್ವೇನೋ?" ಎನ್ನುತ್ತಾಳೆ, ಮಗಳಿಗೆ "ಅಲ್ವೇನೇ?" ಎನ್ನುತ್ತಾಳೆ. ಹಿರಿಯರಿಗೆ "ಅಲ್ಲವೇ ಸ್ವಾಮಿ?" ಎನ್ನುತ್ತೇವೆ, ಧಾರವಾಡದ ಗೆಳೆಯ "ಹೌದಿಲ್ಲೋ?" ಎನ್ನುತ್ತಾನೆ, ಮಂಗಳೂರಿನವರು "ಅಲ್ವಾ ಮಾರಾಯ್ರೆ?" ಎನ್ನುತ್ತಾರೆ. ಇಂಗ್ಲಿಷಿನ ಬಾಲ ಯಾರ ವಿಷಯ ಮಾತಾಡುತ್ತಿದ್ದೇವೆಂದು ನೋಡಿ ಬದಲಾಗುತ್ತದೆ. ಕನ್ನಡದ ಬಾಲ ಯಾರೊಡನೆ ಮಾತಾಡುತ್ತಿದ್ದೇವೆಂದು ನೋಡಿ ಬದಲಾಗುತ್ತದೆ. ಈ ಒಂದು ಭೇದವನ್ನು ಮನಸ್ಸಿನಲ್ಲಿಟ್ಟರೆ ಮೇಲಿನ ಸೂತ್ರಗಳು ತಾವಾಗಿ ನೆನಪಿರುತ್ತವೆ.

ಅಚ್ಚಿನ ಪುಟದಲ್ಲಿ ತೋರಿಸಲಾಗದ, ಆದರೆ ರೇಡಿಯೋ ಕೇಳುವವರು ಸುಲಭವಾಗಿ ಹಿಡಿಯಬಹುದಾದ ಸಂಗತಿಯೊಂದಿದೆ: ದನಿ. ಬಾಲದ ಕೊನೆಯಲ್ಲಿ ದನಿ ಇಳಿದರೆ ಹೇಳುವವನಿಗೆ ಉತ್ತರ ಗೊತ್ತಿದೆ, ನಮ್ಮ ಒಪ್ಪಿಗೆಯಷ್ಟೇ ಬೇಕು. ದನಿ ಏರಿದರೆ ಅವನಿಗೆ ನಿಜವಾಗಿಯೂ ಸಂಶಯವಿದೆ. ಇಂಗ್ಲಿಷ್ ವಾರ್ತೆಯ ನಂತರ ಸಂಭಾಷಣೆಯೋ ನಾಟಕವೋ ಬಂದರೆ ಕಿವಿಗೊಟ್ಟು ಕೇಳಿರಿ. ಇನ್ನೊಂದು ಬಗೆಯೂ ಉಂಟು. ವಿಧಿವಾಕ್ಯಕ್ಕೆ ವಿಧಿಯ ಬಾಲವನ್ನೇ ಕಟ್ಟಿ "ಸೋ ಹೀ ಈಸ್ ಎ ಗ್ರೇಟ್ ಮ್ಯಾನ್, ಈಸ್ ಹೀ?" ಎಂದರೆ ಅದು ಅನೇಕ ವೇಳೆ ವ್ಯಂಗ್ಯ: ಓಹೋ, ಇವನು ಬಹಳ ದೊಡ್ಡ ಮನುಷ್ಯನೋ!

ಸ್ವಭಾವವರ್ಣನೆಗೆ ಬಾಲಂಗೋಚಿ ಸೇರಿದಾಗ ಮಾತಿಗೆ ಇನ್ನೊಂದು ಶಕ್ತಿ ಬರುತ್ತದೆ. "ಷೀ ಈಸ್ ಎ ಬಿಟ್ ಪ್ರೌಡ್" ಎಂದರೆ ಆಕೆಗೆ ಸ್ವಲ್ಪ ಜಂಬ ಎಂಬ ಅಭಿಪ್ರಾಯ ನನ್ನೊಬ್ಬನದು. "ಈಸಂಟ್ ಷೀ?" ಎಂದು ಸೇರಿಸಿದೆನೋ, ಕೇಳುವವನನ್ನೂ ಪಾಲುದಾರನನ್ನಾಗಿ ಮಾಡಿಕೊಂಡೆ. ಅವನು ಸುಮ್ಮನೆ ತಲೆಯಾಡಿಸಿದರೂ ಸಾಕು, ಚಾಡಿ ಇಬ್ಬರದಾಯಿತು. ಹೊಗಳಿಕೆಗೆ ಬಾಲ ಕಟ್ಟಿದರೆ ಸ್ನೇಹ ಬೆಳೆಯುತ್ತದೆ. ತೆಗಳಿಕೆಗೆ ಕಟ್ಟುವಾಗ ಯೋಚಿಸಬೇಕು. ಇದು ಯಾವ ಭಾಷೆಗಾದರೂ ಸಲ್ಲುವ ಮಾತು.

ಕಡೆಯದಾಗಿ ಉತ್ತರದ ವಿಷಯ; ನಮ್ಮ ಹುಡುಗ ಎಡವಿದ್ದು ಇಲ್ಲಿಯೇ. "ನೀನು ಊಟ ಮಾಡಲಿಲ್ಲ, ಅಲ್ಲವೇ?" ಎಂದರೆ ನಾವು "ಹೌದು, ಮಾಡಲಿಲ್ಲ" ಎನ್ನುತ್ತೇವೆ. ನಮ್ಮ "ಹೌದು" ಕೇಳಿದವನ ಮಾತಿಗೆ ಒಪ್ಪಿಗೆ: ನೀನು ಹೇಳಿದ್ದು ಸರಿ ಎಂದು. ಜಪಾನೀ ಭಾಷೆಯಲ್ಲೂ ಇದೇ ಕ್ರಮ. ಇಂಗ್ಲಿಷಿನ "ಎಸ್" ಕೇಳಿದವನ ಕಡೆಗೆ ನೋಡುವುದಿಲ್ಲ, ನಡೆದ ಸಂಗತಿಯ ಕಡೆಗೆ ನೋಡುತ್ತದೆ. ಊಟ ಆಗಿದ್ದರೆ "ಎಸ್, ಐ ಡಿಡ್". ಆಗದಿದ್ದರೆ "ನೋ, ಐ ಡಿಡಂಟ್". ಪ್ರಶ್ನೆಯನ್ನು ಹೇಗೆ ತಿರುಗಿಸಿ ಕೇಳಿದರೂ ಉತ್ತರ ಬದಲಾಗದು. "ಎಸ್, ಐ ಡಿಡಂಟ್" ಎಂಬ ಜೋಡಣೆ ಆ ಭಾಷೆಯಲ್ಲಿ ಇಲ್ಲ.

ಆದಕಾರಣ ವಿದ್ಯಾರ್ಥಿಗಳಿಗೆ ನಾನು ಹೇಳುವ ಉಪಾಯ ಇದು: ಬರಿಯ "ಎಸ್" ಅಥವಾ "ನೋ" ಎಂದು ನಿಲ್ಲಿಸಬೇಡಿರಿ. ಹಿಂದೆಯೇ ಪೂರ್ತಿ ವಾಕ್ಯವೊಂದನ್ನು ಹೇಳಿರಿ. "ನೋ ಸರ್, ಐ ಹ್ಯಾವ್ ನೋ ಅಬ್ಜೆಕ್ಷನ್." ಮೊದಲ ಪದದಲ್ಲಿ ತಪ್ಪಿದರೂ ಹಿಂದಿನ ವಾಕ್ಯ ನಿಮ್ಮನ್ನು ಕಾಪಾಡುತ್ತದೆ.

ಆ ಹುಡುಗ ಅಂದು ಈ ವಾಕ್ಯವನ್ನು ಜಗಲಿಯ ಮೇಲೆ ಹತ್ತಾರು ಸಲ ಹೇಳಿಕೊಂಡು ಎದ್ದ. ಹೋಗುವಾಗ ಅವನ ಮುಖ ನೋಡಿ ನಾನು ಕೇಳಿದೆ: "ನನ್ನ ಮೇಲೆ ಬೇಸರವಿಲ್ಲ ತಾನೇ?" ಅವನು "ಹೌದು ಮೇಷ್ಟ್ರೇ" ಎಂದವನು, ಕ್ಷಣ ತಡೆದು, ನಗುತ್ತ "ಬೇಸರವಿಲ್ಲ" ಎಂದು ಪೂರ್ತಿ ಮಾಡಿದ. ಪಾಠ ತಲೆಗೆ ಹತ್ತಿತ್ತು, ಅಲ್ಲವೇ?