ಹೆಬ್ಬೆರಳಿಗೆ ಕಿವಿಗೊಡಿ

ಗಿಟಾರ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಚಲನಚಿತ್ರ ಗೀತೆಯ ಹಿನ್ನೆಲೆಯಲ್ಲಿ ಝಲ್ಲೆನ್ನುವ ತಂತಿಗಳ ಸದ್ದು. ಗಾಯಕನ ದನಿಗೆ ಹಾಸುಗೆ ಹಾಸಿಕೊಡುವ ವಾದ್ಯ ಅದು. ಅದನ್ನೇ ಮುಂದೆ ಕೂರಿಸಿ ಕೇಳಬೇಕೆಂದು ಸಾಮಾನ್ಯವಾಗಿ ನಮಗೆ ಅನ್ನಿಸುವುದಿಲ್ಲ. ಆದರೆ ಅಮೆರಿಕದ ಪೂರ್ವಭಾಗದ ಅಪಲೇಚಿಯನ್ ಬೆಟ್ಟಸಾಲಿನಲ್ಲಿಯೂ ಅದರ ಆಸುಪಾಸಿನ ಸೀಮೆಗಳಲ್ಲಿಯೂ ಈ ಪಕ್ಕವಾದ್ಯವನ್ನು ಪ್ರಧಾನ ಪೀಠಕ್ಕೇರಿಸಿದ ಜಾನಪದ ಸಂಗೀತವೊಂದುಂಟು. ವಿದ್ಯುತ್ತಿನ ನೆರವಿಲ್ಲದ ಬರಿಯ ಮರದ ಗಿಟಾರು. ಎಷ್ಟೋ ವೇಳೆ ಹಾಡಿನ ಮಾತೂ ಇಲ್ಲ, ಬೆರಳುಗಳದೇ ಮಾತು. ಮೊದಲ ಸಲ ಕೇಳುವವರು ‘ಅಬ್ಬಾ, ಎಂಥ ವೇಗ!’ ಎಂದು ಬೆರಗಾಗಿ ಅಷ್ಟಕ್ಕೇ ಸುಮ್ಮನಾಗುತ್ತಾರೆ. ವೇಗವು ಇಲ್ಲಿಯ ಸ್ವಾರಸ್ಯದ ಒಂದು ಸಣ್ಣ ಪಾಲು ಮಾತ್ರ. ಉಳಿದುದು ಎಲ್ಲಿದೆಯೆಂಬುದನ್ನು ನೋಡೋಣ.

ಈ ಗಿಟಾರಿಗೆ ಆರು ಲೋಹದ ತಂತಿಗಳು. ದಪ್ಪನೆಯ ಮೂರು ಕೆಳಗಿನ ಸ್ವರಗಳಿಗೆ, ತೆಳ್ಳನೆಯ ಮೂರು ಮೇಲಿನ ಸ್ವರಗಳಿಗೆ. ನಮ್ಮ ವೀಣೆಯನ್ನು ನೆನೆದುಕೊಳ್ಳಿ. ವೈಣಿಕರು ನಾಲ್ಕು ತಂತಿಗಳ ಮೇಲೆ ರಾಗವನ್ನು ಬಿಡಿಸುತ್ತಿರುವಾಗ ಬಲಗೈಯ ಕಿರುಬೆರಳು ಪಕ್ಕದ ಮೂರು ತಾಳದ ತಂತಿಗಳನ್ನು ಮೀಟುತ್ತ ಲಯವನ್ನು ಕಾಯುತ್ತಿರುತ್ತದೆ. ಒಂದು ಕೈಗೆ ಎರಡು ಕೆಲಸ. ಬೆರಳಿನಿಂದ ನುಡಿಸುವ ಗಿಟಾರಿನಲ್ಲಿ ಆ ಕಿರುಬೆರಳಿನ ಹೊಣೆಯನ್ನು ಸಾಮಾನ್ಯವಾಗಿ ಹೆಬ್ಬೆರಳು ಹೊತ್ತಿದೆ. ಈ ಸಂಗೀತದ ಕೀಲಿಕೈ ಇರುವುದು ಅಲ್ಲಿಯೇ.

1927ರ ಬೇಸಗೆಯಲ್ಲಿ, ಟೆನೆಸಿ ಮತ್ತು ವರ್ಜೀನಿಯ ಸಂಸ್ಥಾನಗಳ ಗಡಿಯ ಮೇಲಿರುವ ಬ್ರಿಸ್ಟಲ್ ಎಂಬ ಊರಿಗೆ ವಿಕ್ಟರ್ ಕಂಪೆನಿಯ ಪರವಾಗಿ ರಾಲ್ಫ್ ಪಿಯರ್ ಎಂಬಾತನು ಧ್ವನಿಮುದ್ರಣದ ಯಂತ್ರದೊಡನೆ ಬಂದಿಳಿದನು. ಹಳ್ಳಿಗರ ಹಾಡುಗಳನ್ನು ಗ್ರಾಮಫೋನ್ ತಟ್ಟೆಗಳಿಗೆ ಇಳಿಸಿಕೊಳ್ಳುವುದು ಆತನ ಉದ್ದೇಶ. ಅಲ್ಲಿಗೆ ಬಂದ ಕಾರ್ಟರ್ ಕುಟುಂಬದ ಮೂವರಲ್ಲಿ ಕಿರಿಯಳು 18 ವರ್ಷದ ಮೇಬೆಲ್ ಕಾರ್ಟರ್. ಹಾಡಿನ ನಡುನಡುವೆ ಮಟ್ಟನ್ನು ಎತ್ತಿಕೊಳ್ಳಬಲ್ಲ ವಾದ್ಯ ಆ ಪುಟ್ಟ ಮೇಳದಲ್ಲಿ ಈಕೆಯ ಗಿಟಾರೊಂದೇ. ಆಕೆ ಹೆಬ್ಬೆರಳಿನಿಂದ ದಪ್ಪ ತಂತಿಗಳ ಮೇಲೆ ಮಟ್ಟನ್ನೇ ನುಡಿಸುತ್ತ, ತೋರುಬೆರಳಿನಿಂದ ತೆಳು ತಂತಿಗಳನ್ನು ಸವರಿ ತಾಳ ಕೊಟ್ಟಳು. ಅಂದರೆ ರಾಗ ಕೆಳಗೆ, ತಾಳ ಮೇಲೆ. 1928ರಲ್ಲಿ ಮುದ್ರಿತವಾದ ‘ವೈಲ್ಡ್‌ವುಡ್ ಫ್ಲವರ್’ ಎಂಬ ಹಾಡಿನಲ್ಲಿ ಇದು ಸ್ಪಷ್ಟವಾಗಿ ಕೇಳುತ್ತದೆ. ಮುಂದೆ 1938ರಿಂದ ಮೆಕ್ಸಿಕೋ ಗಡಿಯ ಪ್ರಬಲವಾದ ಬಾನುಲಿ ನಿಲಯವೊಂದು ಈ ಕುಟುಂಬದ ಸಂಗೀತವನ್ನು ದೂರದೂರದ ಮನೆಗಳಿಗೆ ಮುಟ್ಟಿಸಿತು. ಎಷ್ಟೋ ಹಳ್ಳಿಯ ಹುಡುಗರಿಗೆ ಗಿಟಾರಿನ ಗುರುವಾದದ್ದು ಬಾನುಲಿಯೇ.

ಕೆಂಟಕಿ ಸಂಸ್ಥಾನದ ಕಲ್ಲಿದ್ದಲ ಗಣಿಗಳ ಸೀಮೆಯಲ್ಲಿ ಇನ್ನೊಂದು ಬಾನಿ ಬೆಳೆಯಿತು. ಅಲ್ಲಿ ಹೆಬ್ಬೆರಳು ದಪ್ಪ ತಂತಿಗಳ ನಡುವೆ ಗಡಿಯಾರದ ಲೋಲಕದಂತೆ ಅತ್ತಿತ್ತ ಓಡಾಡುತ್ತದೆ. ತೋರುಬೆರಳು ಮೇಲೆ ಸ್ವತಂತ್ರವಾಗಿ ಮಟ್ಟನ್ನು ಹೆಣೆಯುತ್ತದೆ. ಕಣ್ಣು ಮುಚ್ಚಿ ಕೇಳಿದರೆ ಇಬ್ಬರು ನುಡಿಸುತ್ತಿರುವರೆಂದೇ ಭ್ರಮೆಯಾಗುವುದು. ಇದನ್ನು ಲೋಕಕ್ಕೆ ಪರಿಚಯಿಸಿದವನು ಮರ್ಲ್ ಟ್ರ್ಯಾವಿಸ್ (1917–1983). ಬಾನಿಗೆ ಆತನ ಹೆಸರೇ ನಿಂತಿದೆ. ಆದರೆ ಆ ಸೀಮೆಯವರು ಇದರ ಬೇರನ್ನು ಆರ್ನಲ್ಡ್ ಶುಲ್ಟ್ಜ್ ಎಂಬ ಆಫ್ರಿಕಾ ಮೂಲದ ವಾದಕನಲ್ಲಿ ಗುರುತಿಸುತ್ತಾರೆ. 1931ರಲ್ಲಿ ತೀರಿಕೊಂಡ ಆತನ ವಾದನದ ಒಂದು ತಟ್ಟೆಯೂ ಇಲ್ಲ. ಆತನ ವಿದ್ಯೆ ಕೈಯಿಂದ ಕೈಗೆ ದಾಟಿ ಉಳಿಯಿತು; ಹೆಸರು ಮಾತ್ರ ಹಿಂದುಳಿಯಿತು.

ಎಲಿಜಬೆತ್ ಕಾಟನ್ ಎಂಬಾಕೆಯ ಕಥೆಯನ್ನೂ ಇಲ್ಲಿ ಹೇಳಬೇಕು. ಉತ್ತರ ಕೆರೊಲಿನದಲ್ಲಿ ಬಡ ಆಫ್ರಿಕನ್ ಅಮೆರಿಕನ್ ಕುಟುಂಬದಲ್ಲಿ ಹುಟ್ಟಿದ ಈಕೆ ಎಡಗೈಯವಳು. ಬಲಗೈಯವರ ಗಿಟಾರನ್ನೇ ತಿರುಗಿಸಿ ಹಿಡಿದು, ಬೆರಳುಗಳಿಂದ ಮಂದ್ರವನ್ನೂ ಹೆಬ್ಬೆರಳಿನಿಂದ ಮಟ್ಟನ್ನೂ ನುಡಿಸಲು ತಾನೇ ಕಲಿತಳು. ‘ಫ್ರೈಟ್ ಟ್ರೇನ್’ ಎಂಬ ಪ್ರಸಿದ್ಧ ಗೀತೆಯನ್ನು ಕಟ್ಟಿದಾಗ ಆಕೆ ಇನ್ನೂ ಹುಡುಗಿ. ಮದುವೆಯಾಯಿತು, ಮನೆಗೆಲಸದ ದುಡಿಮೆ ಹೆಗಲೇರಿತು. ಗಿಟಾರು ಹಲವು ದಶಕಗಳ ಕಾಲ ಕೈಬಿಟ್ಟಿತು. ವಾಷಿಂಗ್ಟನ್ನಿನಲ್ಲಿ ಸಂಗೀತಶಾಸ್ತ್ರಜ್ಞ ಚಾರ್ಲ್ಸ್ ಸೀಗರನ ಮನೆಯಲ್ಲಿ ಕೆಲಸಕ್ಕಿದ್ದಾಗ, ಗೋಡೆಗೆ ತೂಗುಹಾಕಿದ್ದ ಗಿಟಾರನ್ನು ಆಕೆ ನುಡಿಸುವುದನ್ನು ಆ ಮನೆಯ ಮಕ್ಕಳು ಕೇಳಿದರು. 1958ರಲ್ಲಿ ಆಕೆಯ ಮೊದಲ ತಟ್ಟೆ ಹೊರಬಂದಾಗ ವಯಸ್ಸು 60 ದಾಟಿತ್ತು. 1985ರಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆತಾಗ 90 ದಾಟಿತ್ತು. ಕೇಳುವ ಕಿವಿ ಆ ಮನೆಯಲ್ಲಿ ಇಲ್ಲದಿದ್ದರೆ ಆ ಸಂಗೀತವೇ ನಮಗೆ ಇಲ್ಲವಾಗುತ್ತಿತ್ತು.

ಇನ್ನು ಬ್ಲೂಗ್ರಾಸ್. ಕೆಂಟಕಿಗೆ ‘ನೀಲಿಹುಲ್ಲಿನ ನಾಡು’ ಎಂಬ ಅಡ್ಡಹೆಸರು. ಆ ನಾಡಿನ ಬಿಲ್ ಮನ್ರೋ ತನ್ನ ಮೇಳಕ್ಕೆ ಇಟ್ಟ ಹೆಸರೇ ಈ ಸಂಗೀತಪ್ರಕಾರದ ಹೆಸರಾಯಿತು. ಬಾಲ್ಯದಲ್ಲಿ ಆತನೂ ಶುಲ್ಟ್ಜನೊಡನೆ ಹಳ್ಳಿಯ ಕುಣಿತಗಳಿಗೆ ನುಡಿಸಿದ್ದನು. ಆತನ ಮೇಳದಲ್ಲಿ ಮ್ಯಾಂಡೊಲಿನ್, ಪಿಟೀಲು, ಬ್ಯಾಂಜೋಗಳು ಸರದಿಯಂತೆ ಮುಂದೆ ಬಂದು ಮೆರೆಯುವವು. ಗಿಟಾರಿನದು ಲಯದ ದುಡಿಮೆ: ಒಂದು ಮಂದ್ರ ಸ್ವರ, ಒಂದು ಸವರು. ಪಲ್ಲವಿ ಮುಗಿಯುವಲ್ಲಿ ಒಂದು ಚಿಕ್ಕ ಸ್ವರಗುಚ್ಛದ ಮುಕ್ತಾಯ, ಅಷ್ಟೇ.

ಈ ಕಟ್ಟನ್ನು ಬಿಡಿಸಿದವರಲ್ಲಿ ಮುಖ್ಯನಾದವನು ಡಾಕ್ ವಾಟ್ಸನ್ (1923–2012). ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಈತ ನುಡಿಸುತ್ತಿದ್ದ ಕುಣಿತದ ಮೇಳಕ್ಕೆ ಪಿಟೀಲಿನವನೇ ಇರಲಿಲ್ಲ. ಜನರಿಗೋ ಪಿಟೀಲಿನ ಮಟ್ಟುಗಳೇ ಬೇಕು. ವಾಟ್ಸನ್ ಅವುಗಳನ್ನು ಗಿಟಾರಿನಲ್ಲಿ ನುಡಿಸಲಾರಂಭಿಸಿದನು. ಇಲ್ಲಿ ಬಳಕೆಯಾಗುವುದು ಪಿಕ್ ಎಂಬ ಸಣ್ಣ ಬಿಲ್ಲೆ. ಅದು ತಂತಿಯನ್ನು ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ ಮೀಟುತ್ತದೆ. 1964ರಲ್ಲಿ ಬಂದ ಆತನ ‘ಬ್ಲ್ಯಾಕ್ ಮೌಂಟನ್ ರ್‍ಯಾಗ್’ ಅನೇಕರಿಗೆ ಪಾಠವಾಯಿತು. ಆತನ ಬಳಿಕ ಕ್ಲಾರೆನ್ಸ್ ವೈಟ್ (1944–1973), ಆಮೇಲೆ ಟೋನಿ ರೈಸ್ (1951–2020). ವೈಟ್ ನುಡಿಸುತ್ತಿದ್ದ 1935ರ ಮಾರ್ಟಿನ್ ಗಿಟಾರೇ ಮುಂದೆ ರೈಸನ ಕೈಸೇರಿತೆಂಬುದು ಗುರುಪರಂಪರೆಯನ್ನು ನೆನಪಿಗೆ ತರುತ್ತದೆ.

ಹಾಗಾದರೆ ಕೇಳುವ ಕ್ರಮವೇನು? ಬಾನುಲಿಯಲ್ಲಾಗಲಿ ಕೈಫೋನಿನಲ್ಲಾಗಲಿ, ಒಂದೇ ಕೃತಿಯನ್ನು ಮೂರು ಸಲ ಕೇಳಿ. ಮೊದಲ ಸಲ ಮಟ್ಟನ್ನು ಮಾತ್ರ ಹಿಡಿಯಿರಿ. ಬಾಯಲ್ಲಿ ಗುನುಗಲು ಬರಬೇಕು. ಎರಡನೆಯ ಸಲ ಮಟ್ಟನ್ನು ಬಿಟ್ಟು ಕೆಳಗಿನ ತಂತಿಗಳನ್ನೇ ಅನುಸರಿಸಿ ತೊಡೆಯ ಮೇಲೆ ತಾಳ ಹಾಕಿ. ಮೂರನೆಯ ಸಲ ಎರಡೂ ಒಂದಕ್ಕೊಂದು ತಾಕುವ ಜಾಗಗಳನ್ನು ಗಮನಿಸಿ. ಸ್ವರವು ತಾಳಕ್ಕಿಂತ ತುಸು ಮುಂಚೆ ಬಂತೆ, ತಡೆದು ಬಂತೆ? ಒಂದು ಸ್ವರ ಬೇಕೆಂದೇ ಬಿಟ್ಟುಹೋಯಿತೆ? ನಮ್ಮ ಅತೀತ ಅನಾಗತಗಳನ್ನು ಬಲ್ಲವರಿಗೆ ಇದು ಕಷ್ಟವಲ್ಲ. ಗಮಕವನ್ನು ಮಾತ್ರ ಇಲ್ಲಿ ನಿರೀಕ್ಷಿಸಬೇಡಿ. ಇಲ್ಲಿಯ ಸೊಗಸು ಪ್ರತಿ ಸ್ವರದ ಬಿಡಿತನದಲ್ಲಿ, ಮುತ್ತು ಪೋಣಿಸಿದ ಹಾಗೆ.

ಒಂದು ನಂಟನ್ನು ಹೇಳಿ ಮುಗಿಸುತ್ತೇನೆ. ಮಾರ್ಟಿನ್ ಕಂಪೆನಿಯು ತನ್ನ ಹೆಸರಾಂತ ಗಿಟಾರುಗಳ ಬೆನ್ನಿಗೂ ಪಕ್ಕಗಳಿಗೂ ಬ್ರೆಜಿಲ್ ದೇಶದ ಮರವನ್ನು ಬಳಸುತ್ತಿತ್ತು. ಆ ಮರ ದುರ್ಲಭವಾಗಲು, 1969ರಿಂದ ಭಾರತದ ಬೀಟೆಮರವನ್ನು ಹಿಡಿಯಿತು. ಮಲೆನಾಡು, ಕೊಡಗುಗಳ ಕಾಡಿನಲ್ಲಿ ಬೆಳೆಯುವ, ನಮ್ಮ ಹಳೆಯ ಮನೆಗಳ ಮಂಚ ಬಾಗಿಲುಗಳಿಗೆ ಒದಗಿದ ಅದೇ ಜಾತಿಯ ಮರ. ದೂರದ ಸಂಗೀತದ ಒಡಲಲ್ಲಿ ನಮಗೆ ಗುರುತಿರುವ ಮರವೂ ದನಿಗೂಡಿಸುತ್ತಿದೆ.

ಹೀಗೆ ಕೇಳಿ ಪಳಗಿದ ಮೇಲೆ, ವೀಣಾವಾದನ ಪ್ರಸಾರವಾಗುವ ದಿನ ಅದೇ ಕಿವಿಯಿಂದ ಅದನ್ನೂ ಕೇಳಿ ನೋಡಿ. ಇಷ್ಟು ದಿನ ಗಮನಕ್ಕೆ ಬಾರದೆ ದುಡಿಯುತ್ತಿದ್ದ ಆ ಕಿರುಬೆರಳು ಅಂದು ನಿಮಗೆ ಕೇಳಿಸೀತು.